ಮಳೆ ಮೇಡಂ ಊರಲ್ಲಿಲ್ಲದ ವಾರ

ಅಕ್ಟೋಬರ್ 14, ಸೋಮವಾರ. ಬೆಳಿಗ್ಗೆ 9-10

ಮಳೆ 6.4 ಮಿಲಿಮೀಟರ್. ಅಳೆದೆ, ಪುಸ್ತಕದಲ್ಲಿ ಬರೆದೆ, ಹವಾಮಾನ ಆಫೀಸಿಗೆ ಫೋನ್ ಮಾಡಿದೆ, ಬಸ್ ಸ್ಟಾಪಿನ ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬಂದೆ. ಅಷ್ಟರಲ್ಲಿ ಟೀ ಆರಿಹೋಗಿತ್ತು. ಕುಡಿದೆ.

ಮೊದಲ ದಿನದ ಡ್ಯೂಟಿ ಮುಗಿಯಿತು. ಇನ್ನು ಆರು ದಿನ.

ನನ್ನ ಹೆಂಡತಿ ನಿನ್ನೆ ಮಧ್ಯಾಹ್ನದ ಬಸ್ಸಿಗೆ ಅಕ್ಕನ ಊರಿಗೆ ಹೋದಳು. ಅಕ್ಕನಿಗೆ ಕಣ್ಣಿನ ಆಪರೇಷನ್. ಹೋಗುವ ಮುಂಚೆ ಅಡುಗೆಮನೆ ಗೋಡೆಗೆ ಒಂದು ಚೀಟಿ ಅಂಟಿಸಿದಳು. ಗ್ಯಾಸು, ಹಾಲು, ಬಾಗಿಲ ಚಿಲಕ — ಯಾವುದರ ಬಗ್ಗೆಯೂ ಒಂದು ಸಾಲಿಲ್ಲ. ಎಲ್ಲಾ ಮಳೆಮಾಪಕದ್ದೇ. ‘ಎಂಟೂವರೆ ಅಂದರೆ ಎಂಟೂವರೆ. ಗ್ಲಾಸು ಒರೆಸಿ ಅಳೆಯಿರಿ. ಕಣ್ಣು ನೀರಿನ ಮಟ್ಟಕ್ಕೆ ಬರಬೇಕು. ಬೆನ್ನು ನೋಯುತ್ತೆ ಅಂತ ಮೇಲಿಂದ ನೋಡಬೇಡಿ.’ ಕೊನೆಯ ಸಾಲಿನ ಕೆಳಗೆ ಎರಡು ಗೀಟು — ‘ಒಂದು ದಿನವೂ ತಪ್ಪಿಸಬೇಡಿ.’

ಹತ್ತೊಂಬತ್ತು ವರ್ಷ. ಒಂದೇ ಒಂದು ದಿನ ತಪ್ಪಿಲ್ಲ. ನೂರೆರಡು ಡಿಗ್ರಿ ಜ್ವರದಲ್ಲಿ ಕೊಡೆ ಹಿಡಿದು ಹಿತ್ತಲಿಗೆ ಹೋಗಿದ್ದಾಳೆ. ನೆಂಟರ ಮದುವೆ ಅಂದರೆ ಬೆಳಿಗ್ಗೆ ಅಳೆದು ಹೊರಡುವುದು, ಮರುದಿನ ಅಳೆಯುವ ಹೊತ್ತಿಗೆ ವಾಪಸ್. ಊರಿಗೆಲ್ಲ ಅವಳು ‘ಮಳೆ ಮೇಡಂ’. ಆ ಹೆಸರಿಟ್ಟವನು ನಾನೇ, ತಮಾಷೆಗೆ. ಈಗ ಅವಳ ಅಕ್ಕನೂ ಹಾಗೇ ಕರೆಯುತ್ತಾಳೆ.

ಯಂತ್ರ ಅಂತ ದೊಡ್ಡದೇನಿಲ್ಲ. ಹಿತ್ತಲ ನಡುವೆ ಸಿಮೆಂಟ್ ಕಟ್ಟೆ, ಅದರ ಮೇಲೊಂದು ತಗಡಿನ ಡಬ್ಬ. ಬಾಯಿಗೆ ಆಲಿಕೆ. ಆಲಿಕೆಗೆ ಬಿದ್ದ ಮಳೆ ಒಳಗಿನ ಸೀಸೆಗೆ ಇಳಿಯುತ್ತದೆ. ಬೆಳಿಗ್ಗೆ ಅದನ್ನು ಅಳತೆ ಗ್ಲಾಸಿಗೆ ಸುರಿದು ಗೀಟು ನೋಡುವುದು. ಇಷ್ಟಕ್ಕೆ ಇವಳು ಹತ್ತೊಂಬತ್ತು ವರ್ಷ ಯಾಕೆ ಒದ್ದಾಡಿದಳೋ ನನಗಂತೂ ಗೊತ್ತಿಲ್ಲ. ಆದರೆ ಮೂವತ್ತೆರಡು ವರ್ಷ ಬಸ್ ಓಡಿಸಿದವನು ನಾನು. ಒಂದು ಗ್ಲಾಸು ನೀರು ನೋಡೋಕೆ ಬರಲ್ವಾ?

ಸಂಜೆ 6-15

ಫೋನ್ ಬಂತು. ಊಟ ಆಯ್ತಾ, ಹೇಗಿದ್ದೀರಿ — ಏನೂ ಇಲ್ಲ.

“ಎಷ್ಟು?”

“ಆರು ಪಾಯಿಂಟ್ ನಾಲ್ಕು. ನಾನೂ ಬದುಕಿದೀನಿ.”

“ಅದು ಧ್ವನಿ ಕೇಳಿದ್ರೆ ಗೊತ್ತಾಗುತ್ತೆ. ಬಗ್ಗಿ ನೋಡಿದ್ರಾ?”

“ಬಗ್ಗಿದೆ. ಎದ್ದೇಳೋಕೆ ಹತ್ತು ನಿಮಿಷ ಹಿಡೀತು.”

ನಕ್ಕಳು. ಅಕ್ಕನ ಕಣ್ಣಿಗೆ ನಾಳೆ ಆಪರೇಷನ್ ಅಂತೆ.

ರಾತ್ರಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಹೊರಗೆ ಸಣ್ಣಗೆ ಹನಿಯುತ್ತಿದೆ. ಒಬ್ಬನೇ ಇರುವುದು ಅಷ್ಟೇನೂ ಕೆಟ್ಟದಲ್ಲ. ಕಾಲು ಚಾಚಿ ಕೂತಿದ್ದೇನೆ, ಕಾಲು ತೆಗೀರಿ ಅನ್ನುವವರಿಲ್ಲ.

ಅಕ್ಟೋಬರ್ 15, ಮಂಗಳವಾರ. ಬೆಳಿಗ್ಗೆ 9-30

11.8.

ಹಲಗೆ ಹತ್ತಿರ ಆಗಲೇ ನಾಲ್ಕೈದು ಜನ. ಈ ಊರಿನವರಿಗೆ ಪೇಪರ್ ಬರದಿದ್ದರೂ ನಡೆಯುತ್ತದೆ, ಹಲಗೆ ಖಾಲಿ ಇರಬಾರದು. ಆಲೂಗಡ್ಡೆ ಅಣ್ಣ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಅವನ ಬೆಳೆ ಇನ್ನೂ ಮಣ್ಣೊಳಗೇ ಇದೆ. ಒಂದು ದಿನವಾದರೂ ನೆಲ ಒಣಗದೆ ಕೀಳುವ ಹಾಗಿಲ್ಲ.

“ಮೇಡಂ ಇದ್ದಿದ್ರೆ ಇಷ್ಟು ಬರ್ತಿರ್ಲಿಲ್ಲ. ಇದೆಲ್ಲ ನಿನ್ನ ಕೈಗುಣ.”

“ಸರಿ, ನಾಳೆ ಕಮ್ಮಿ ಬರ್ದುಬಿಡ್ತೀನಿ. ನೆಲ ಒಣಗುತ್ತಾ ನೋಡು.”

ಎಲ್ಲರೂ ನಕ್ಕರು. ಬಸ್ ಬಂತು. ಈಗಿನ ಡ್ರೈವರ್ ಇಳಿದು ಬಂದು ಹಲಗೆ ನೋಡಿ ತಲೆಯಾಡಿಸಿ ಹೋದ. ನಾನೂ ಹಾಗೇ ಮಾಡುತ್ತಿದ್ದೆ. ಒಂಬತ್ತೂ ಕಾಲಿನ ಟ್ರಿಪ್ಪಿಗೆ ಮುಂಚೆ ಒಂದು ಕಣ್ಣು ಹಲಗೆ ಮೇಲೆ. ಎಂಬತ್ತು ದಾಟಿದ್ದರೆ ಹಳ್ಳದ ದಾರಿ ಬಿಟ್ಟು ಸುತ್ತುದಾರಿ.

ಪಕ್ಕದ ಮನೆಯ ಪೇಂಟರ್ ತನ್ನ ದೊಡ್ಡ ಡಬ್ಬಿಗಳನ್ನು ತೊಳೆದು, ಕಾಂಪೌಂಡ್ ಉದ್ದಕ್ಕೂ ಬಾಯಿ ಮೇಲೆ ಮಾಡಿ ಸಾಲಾಗಿ ಇಡುತ್ತಿದ್ದ.

“ಏನಪ್ಪಾ, ಬೋರಲು ಹಾಕೋದು ಬಿಟ್ಟು?”

“ವಾಸನೆ ಹೋಗ್ತಿಲ್ಲ ಅಂಕಲ್. ಮಳೆ ನೀರು ನಿಂತ್ರೆ ಹೋಗುತ್ತೆ.”

ಅವನ ತಾಯಿ ಬಂದು ಮೂರು ತಿಂಗಳಾಯಿತು. ಎಪ್ಪತ್ತೈದು ದಾಟಿದ ಅಜ್ಜಿ. ಕೈ ಸುಮ್ಮನಿರುವುದಿಲ್ಲ. ಬಂದ ವಾರಕ್ಕೇ ನಮ್ಮ ಹಿತ್ತಲ ಕಳೆಯನ್ನೂ ಕಿತ್ತುಹಾಕಿದ್ದರು. ಕಂಡಕ್ಟರ್ ಮನೆಗೆ ಇಸ್ಪೀಟಿಗೆ ಹೊರಟಿದ್ದೇನೆ. ಕಂಡಕ್ಟರ್ ಅಂದರೆ ಇಪ್ಪತ್ತೊಂದು ವರ್ಷ ನನ್ನ ಬಸ್ಸಲ್ಲಿ ಸೀಟಿ ಊದಿದವನು. ರಿಟೈರ್ ಆದ ಮೇಲೂ ನನ್ನನ್ನು ಬಿಟ್ಟಿಲ್ಲ. ಅಜ್ಜಿಗೆ ಹೇಳಿದೆ — “ಅಮ್ಮಾ, ಹಿತ್ತಲಲ್ಲಿ ಆ ಡಬ್ಬ ಇದೆಯಲ್ಲ, ನಮ್ಮವಳ ಜೀವ ಅದರಲ್ಲಿದೆ. ಕೋಳಿ ಗೀಳಿ ಹತ್ತಿ ಕೂತ್ರೆ ಓಡಿಸಿ. ಸ್ವಲ್ಪ ನೋಡ್ಕೊಳ್ತಿರಿ.”

“ನೀ ಹೋಗಿ ಬಾ ಡ್ರೈವರಪ್ಪ. ನಾನಿದೀನಲ್ಲ.”

ಸಂಜೆ 6-40

ಮೂರು ಗಂಟೆಗೆ ಶುರುವಾದದ್ದು ಇನ್ನೂ ನಿಂತಿಲ್ಲ. ಇದು ಮಳೆಯಲ್ಲ, ಯಾರೋ ಮೇಲಿಂದ ಹಂಡೆಗಟ್ಟಲೆ ಸುರಿಯುತ್ತಿದ್ದಾರೆ. ಕಂಡಕ್ಟರ್ ಮನೆಯಿಂದ ಬರುವಷ್ಟರಲ್ಲಿ ಒಳಗಿನ ಬನಿಯನ್ನಿನವರೆಗೂ ತೊಯ್ದೆ. ಆಟದಲ್ಲೂ ಸೋತೆ.

ಫೋನ್. “ಅಲ್ಲಿ ಜೋರಾ?”

“ಜೋರು.”

“ಹಿತ್ತಲಿಗೆ ಹೋಗಿ ನೋಡಿದ್ರಾ? ಆಲಿಕೆಗೆ ಎಲೆ ಗಿಲೆ ಅಡ್ಡ ಕೂತಿದ್ರೆ—”

“ನೋಡಿದೆ. ಸರಿಯಾಗಿದೆ.”

ನೋಡಿರಲಿಲ್ಲ. ಆಗಷ್ಟೇ ಬಟ್ಟೆ ಬದಲಿಸಿದ್ದೆ. ಒಣಗಿದ ಚಡ್ಡಿ ಅದೊಂದೇ ಉಳಿದಿತ್ತು. ಮಾಪಕ ಎಲ್ಲಿಗೆ ಓಡಿಹೋಗುತ್ತೆ?

ಅಕ್ಟೋಬರ್ 16, ಬುಧವಾರ. ಬೆಳಿಗ್ಗೆ 8-50

ಕೆಲಸ ಕೆಟ್ಟಿತು.

ಎಂಟೂವರೆಗೆ ಸರಿಯಾಗಿ ಹೋದೆ. ಮಳೆ ನಿಂತು ಮಂಜು ಕವಿದಿತ್ತು. ಕಟ್ಟೆ ಮೇಲೆ ತಗಡಿನ ಡಬ್ಬ ಕಾಣಲಿಲ್ಲ. ನೀಲಿ ಪ್ಲಾಸ್ಟಿಕ್ ಬಕೆಟ್ ಕಂಡಿತು. ಬೋರಲು. ಗಾಳಿಗೆ ಹಾರದಿರಲಿ ಅಂತ ಮೇಲೆ ಒಂದು ಕಲ್ಲು. ಕಲ್ಲು ಜಾರದಿರಲಿ ಅಂತ ಹಗ್ಗ.

ಬಿಚ್ಚಿದೆ. ಮಾಪಕ ಒಳಗೆ ಬೆಚ್ಚಗೆ ಕೂತಿತ್ತು.

ಸೀಸೆಯಲ್ಲಿ 3.0. ಊರಿಡೀ ನೀರಲ್ಲಿ ತೇಲುತ್ತಿದೆ, ನಮ್ಮ ಹಿತ್ತಲಲ್ಲಿ ಮೂರು ಮಿಲಿಮೀಟರ್.

ಕಾಂಪೌಂಡ್ ಆಚೆಯಿಂದ ಅಜ್ಜಿ ಇಣುಕಿದರು. ಮುಖ ತುಂಬ ನಗು. “ನಾನೇ ಮುಚ್ಚಿದ್ದು. ಮಳೆ ಜೋರಾಗೋದಕ್ಕೂ ನಾ ಓಡಿ ಬರೋದಕ್ಕೂ ಸರಿಹೋಯ್ತು. ಪಾಪ, ಬಾಯಿ ತಕ್ಕೊಂಡು ನಿಂತಿತ್ತು, ಒಳಗೆಲ್ಲ ನೀರು ಹೋಗ್ತಿತ್ತು. ಒಂದು ಹನಿ ಬಿದ್ದಿಲ್ಲ ನೋಡು ಆಮೇಲೆ.”

“ತುಂಬ ಉಪಕಾರ ಆಯ್ತಮ್ಮಾ,” ಅಂದೆ. ಅವರ ಸೀರೆ ಅಂಚು ಇನ್ನೂ ಒದ್ದೆ ಇತ್ತು. ಆ ಮಳೆಯಲ್ಲಿ, ಆ ವಯಸ್ಸಲ್ಲಿ, ಕಲ್ಲು ಹೊತ್ತು ತಂದಿದ್ದಾರೆ. ಬೈಯಲು ಬಾಯಿ ಬರಲಿಲ್ಲ. ತಪ್ಪು ಅವರದಲ್ಲ. ನೋಡಿಕೊಳ್ಳಿ ಅಂದವನು ನಾನು. ನೋಡಿದೆ ಅಂತ ಸುಳ್ಳು ಹೇಳಿದವನೂ ನಾನು. ನಿನ್ನೆ ಸಂಜೆ ಹತ್ತು ಹೆಜ್ಜೆ ನಡೆದಿದ್ದರೆ ಮುಗಿದಿತ್ತು.

ಹತ್ತೊಂಬತ್ತು ವರ್ಷ ಅವಳು. ಮೂರು ದಿನ ನಾನು.

ಬೆಳಿಗ್ಗೆ 10-20

ಆಫೀಸಿಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದೆ. ಆ ಕಡೆಯ ಹುಡುಗಿ ಒಳ್ಳೆಯವಳು. ಬಕೆಟ್ ಅಂದಾಗ ಮಾತ್ರ ಕೆಮ್ಮಿದಳು. ನಗು ತಡೆದುಕೊಂಡಳು ಅನ್ನಿಸುತ್ತೆ.

“ಪರ್ವಾಗಿಲ್ಲ ಸಾರ್, ‘ಅಳತೆ ಇಲ್ಲ’ ಅಂತ ಹಾಕ್ತೀನಿ. ಎಲ್ಲಾ ಕಡೆ ಒಂದೊಂದು ದಿನ ಹೋಗುತ್ತೆ.”

“ನಮ್ಮ ಕಡೆ ಹೋಗಿಲ್ಲಮ್ಮ. ಸಾಯಂಕಾಲದವರೆಗೂ ಹಾಕಬೇಡ.”

ಯಾಕೆ ಹಾಗೆ ಅಂದೆನೋ. ಸಾಯಂಕಾಲದೊಳಗೆ ನಿನ್ನೆಯ ಮಳೆ ವಾಪಸ್ ಬರುತ್ತಾ?

ಬೀರುವಿನಿಂದ ಹಳೇ ಪುಸ್ತಕಗಳನ್ನು ತೆಗೆದೆ. ಎಲ್ಲಾದರೂ ಒಮ್ಮೆ ತಪ್ಪಿದ್ದರೆ ಏನು ಬರೆದಿದ್ದಾಳೆ ನೋಡೋಣ ಅಂತ. ಹತ್ತೊಂಬತ್ತು ಪುಸ್ತಕ, ಎಲ್ಲಕ್ಕೂ ಕಂದು ರಟ್ಟು. ತಾರೀಖು, ಮಳೆ, ಷರಾ — ಮೂರು ಕಾಲಂ. ಒಂದು ದಿನವೂ ತಪ್ಪಿಲ್ಲ. ನಿಜವಾಗಿಯೂ ತಪ್ಪಿಲ್ಲ. ಒಳಗೊಳಗೇ ಎಲ್ಲಾದರೂ ಸಿಗಲಿ ಅಂತ ಹಾರೈಸುತ್ತಿದ್ದೆ, ನಾಚಿಕೆಯಾಯಿತು.

ಷರಾ ಕಾಲಂನಲ್ಲಿ ಏನೇನೋ ಗಂಟೆ ಬರೆದಿದ್ದಾಳೆ. 7-40. 8-05. 7-25. ಅಳೆಯುವುದು ಎಂಟೂವರೆಗೆ ತಾನೇ? ಮಳೆ ನಿಂತ ಹೊತ್ತೋ ಏನೋ. ಮಳೆ ಇಲ್ಲದ ದಿನ ಖಾಲಿ. ಈಚಿನ ಪುಸ್ತಕಗಳಲ್ಲಿ ಆ ಕಾಲಮ್ಮೇ ಪೂರ್ತಿ ಖಾಲಿ.

ಇರಲಿ. ಈಗ ಅದಲ್ಲ ತಲೆನೋವು.

ಮಧ್ಯಾಹ್ನ 3-00

ವಾಪಸ್ ಬಂತು! ನಿನ್ನೆಯ ಮಳೆ ವಾಪಸ್ ಬಂತು!

ಕಿಟಕಿಯಿಂದ ಪೇಂಟರ್ ಕಾಂಪೌಂಡ್ ನೋಡುತ್ತಾ ಕೂತಿದ್ದೆ. ಡಬ್ಬಿ ಸಾಲು. ಬಾಯಿ ಮೇಲೆ. ನಿನ್ನೆ ನಾನು ಅಳೆದ ಮೇಲೆಯೇ ಇಟ್ಟದ್ದು, ನನ್ನ ಕಣ್ಣೆದುರಿಗೇ. ಆಮೇಲೆ ಬಿದ್ದ ಮಳೆಯೆಲ್ಲ ಅದರಲ್ಲಿದೆ. ಆಲಿಕೆ ಆದರೇನು, ಡಬ್ಬಿ ಆದರೇನು — ಗೋಡೆ ನೆಟ್ಟಗಿದ್ದರೆ ನೀರಿನ ಎತ್ತರವೇ ಮಳೆಯ ಎತ್ತರ. ಇದನ್ನು ಇವಳು ನನಗೆ ಎಷ್ಟು ಸಲ ಹೇಳಿದ್ದಾಳೆ! ಕೇಳಿಸಿಕೊಂಡಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಸ್ಕೇಲು ತಗೊಂಡು ಓಡಿದೆ. ಕಂಡಕ್ಟರನ್ನೂ ಕರೆದೆ, ಸಾಕ್ಷಿಗೆ. ಒಂದು ಡಬ್ಬಿಯನ್ನು ಪೇಂಟರ್ ಆಗಲೇ ಚೆಲ್ಲಿದ್ದ. ಇನ್ನೊಂದರ ಮೇಲೆ ಕೈ ಇಟ್ಟಿದ್ದ. “ಮುಟ್ಟಬೇಡ!” ಅಂತ ನಾನು ಕೂಗಿದ ರಭಸಕ್ಕೆ ಅವನು ಎರಡೂ ಕೈ ಮೇಲೆತ್ತಿದ.

ಮೂರು ಡಬ್ಬಿ ಉಳಿದಿದ್ದವು. ಟೇಪ್ ಹಿಡಿದು ನೋಡಿದೆ, ಬಾಯಿ ತಳ ಒಂದೇ ಅಗಲ. ಮಂಡಿಯೂರಿ, ಕಣ್ಣು ನೀರಿನ ಮಟ್ಟಕ್ಕೆ ತಂದು ಅಳೆದೆ. 71. 70. 73.

ಕಂಡಕ್ಟರ್ ತನ್ನ ಮನೆಯ ಬಕೆಟ್ಟನ್ನೂ ತಂದ. ಅಂಗಳದಲ್ಲಿ ರಾತ್ರಿಯೆಲ್ಲ ಇತ್ತಂತೆ. 88 ತೋರಿಸಿತು.

“ನೋಡು, ನಮ್ಮ ಕಡೆ ಜಾಸ್ತಿ ಬಿದ್ದಿದೆ.”

“ಮೂರು ಮನೆ ಆಚೆಗೆ ಹದಿನೇಳು ಮಿಲಿಮೀಟರ್ ಜಾಸ್ತಿ ಬೀಳುತ್ತಾ? ನಿನ್ನ ಬಕೆಟ್ ತಳ ಸಣ್ಣ, ಬಾಯಿ ದೊಡ್ಡದು. ನಿನ್ನ ಥರಾನೇ.”

ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಗ ಏನೋ ಬಿಡಿಸಿ ಹೇಳಿದ. ಕೈ ಬಾಯಿಗೆ ಹೋಯಿತು. “ಅಯ್ಯೋ... ಮಳೆ ಅದ್ರಲ್ಲಿ ಬೀಳ್ಲೇಬೇಕಿತ್ತಾ?”

ಕಣ್ಣಲ್ಲಿ ನೀರು ಬಂತು. ನಾನು ಹತ್ತಿರ ಹೋಗಿ ಹೇಳಿದೆ — “ಅಮ್ಮಾ, ಮುಚ್ಚಿದ್ದೂ ನೀವು, ಡಬ್ಬಿ ಇಟ್ಟಿದ್ದೂ ನಿಮ್ಮ ಮಗ. ಲೆಕ್ಕ ಸರಿಹೋಯ್ತು ಬಿಡಿ.” ಕಂಡಕ್ಟರ್ ಹಿಂದಿನಿಂದ “ರೈಟ್, ರೈಟ್!” ಅಂದ. ಅಜ್ಜಿ ನಕ್ಕರು. ಬಿಸಿ ಟೀ ಕೊಟ್ಟರು, ಸಕ್ಕರೆ ಎರಡು ಪಾಲು.

ಆಫೀಸಿಗೆ ಫೋನ್ ಮಾಡಿದೆ. 71, ಪೇಂಟ್ ಡಬ್ಬಿ ಮೂರು, ಬಕೆಟ್ ಕೈಬಿಟ್ಟಿದೆ. ‘ಅಂದಾಜು’ ಅಂತ ಬರೆದುಕೊಂಡಳು. ಹಲಗೆ ಮೇಲೂ 71. ಪುಸ್ತಕದಲ್ಲಿ ಮಾತ್ರ ಏನೂ ಬರೆದಿಲ್ಲ. ಅದು ಅವಳ ಪುಸ್ತಕ. ಪೆನ್ನು ಹಿಡಿದೆ, ಇಟ್ಟೆ.

ಸಂಜೆ 6-20

“ಎಷ್ಟು?”

“ಎಪ್ಪತ್ತೊಂದು.”

“ಅಬ್ಬಾ! ಎಪ್ಪತ್ತೊಂದು ಪಾಯಿಂಟ್?”

ಸ್ಕೇಲಿನಲ್ಲಿ ಪಾಯಿಂಟ್ ಎಲ್ಲಿಂದ ತರಲಿ?

“...ಎರಡು.”

“ಎಪ್ಪತ್ತೊಂದು ಪಾಯಿಂಟ್ ಎರಡು.” ಅಕ್ಕನಿಗೂ ಹೇಳಿದಳು, ಹೆಮ್ಮೆಯಿಂದ. “ಕೇಳಿದ್ಯಾ? ಇವ್ರು ಚೆನ್ನಾಗಿ ನೋಡ್ಕೊಳ್ತಿದಾರೆ.”

ಅಕ್ಟೋಬರ್ 18, ಶುಕ್ರವಾರ. ಬೆಳಿಗ್ಗೆ 11-00

ನಿನ್ನೆ ಇಲ್ಲಿ ಬರೆಯಲಿಲ್ಲ. ಮುಖ ಇರಲಿಲ್ಲ. ಅಳತೆ ತಪ್ಪಿಸಿಲ್ಲ — ನಿನ್ನೆ 23.0, ಇವತ್ತು 4.2. ನಿನ್ನೆ ದಿನವಿಡೀ ಗಾಳಿ. ಬೀದಿಯ ತುಂಬ ಹಳದಿ ಎಲೆ. ಗಂಟೆಗೊಂದು ಸಲ ಹಿತ್ತಲಿಗೆ ಹೋಗಿ ಆಲಿಕೆ ನೋಡಿ ಬಂದೆ. ಅಜ್ಜಿಯೂ ಕಾಂಪೌಂಡ್ ಆಚೆಯಿಂದ ಗಂಟೆಗೊಂದು ಸಲ. ಇಬ್ಬರೂ ಸೇರಿ ಕಾವಲು ಕಾಯುತ್ತಿದ್ದೇವೆ.

ಪುಸ್ತಕದಲ್ಲಿ ಹದಿನಾರನೇ ತಾರೀಖಿನ ಸಾಲು ಖಾಲಿ. ಮೇಲೆ 15, ಕೆಳಗೆ 17, ನಡುವೆ ಬಿದ್ದುಹೋದ ಹಲ್ಲಿನ ಜಾಗದ ಥರ. ನೋಡಿದಾಗಲೆಲ್ಲ ನಾಲಿಗೆ ಅಲ್ಲಿಗೇ ಹೋಗುತ್ತದೆ.

ಇಡೀ ಇಲಾಖೆಗೆ ನಿಜ ಹೇಳಿದೆ. ಅಜ್ಜಿಗೆ, ಪೇಂಟರಿಗೆ, ಕಂಡಕ್ಟರಿಗೆ ಎಲ್ಲ ಗೊತ್ತು. ಹೆಂಡತಿಯೊಬ್ಬಳಿಗೆ ಪಾಯಿಂಟ್ ಎರಡು.

ಹತ್ತೂಕಾಲಿಗೆ ಬಿಸಿಲು ಬಂತು. ನಿಜವಾದ ಬಿಸಿಲು. ಐದು ನಿಮಿಷದಲ್ಲಿ ಊರಿನ ಬೇಲಿ, ಗೇಟು, ಸೈಕಲ್ಲು ಎಲ್ಲದರ ಮೇಲೂ ಬಟ್ಟೆ. ಕ್ಷೌರದವನು ಟವೆಲ್ಲುಗಳನ್ನು ಬಸ್ ಸ್ಟಾಪಿನ ಕಂಬಿಗೆ ಹರವಿದ. ಆಲೂಗಡ್ಡೆ ಅಣ್ಣ ಹೊಲದಲ್ಲಿ ಮಣ್ಣು ಹಿಸುಕಿ ನೋಡುತ್ತಾ ನಿಂತಿದ್ದ. ನಾನೂ ನಾಲ್ಕು ಚಡ್ಡಿ ಹಾಕಿದೆ. ನಲವತ್ತು ನಿಮಿಷ ಇತ್ತು. ಮತ್ತೆ ಮೋಡ. ಎಲ್ಲರೂ ಬಟ್ಟೆ ಬಾಚಿಕೊಂಡು ಒಳಗೆ ಓಡಿದರು, ಯಾರದೋ ಒಂದು ಕಾಲುಚೀಲ ನಮ್ಮ ಗೇಟಲ್ಲಿ ಉಳಿಯಿತು.

ಆದರೂ ಚೆನ್ನಾಗಿತ್ತು. ನಲವತ್ತು ನಿಮಿಷ ಕಡಿಮೆಯೇನಲ್ಲ.

ಸಂಜೆ ಹೇಳಿಬಿಡುತ್ತೇನೆ.

ಸಂಜೆ 6-45

ಹೇಳಿದೆ.

“ಎಷ್ಟು?” ಅಂದಳು. “ನಾಲ್ಕು ಪಾಯಿಂಟ್ ಎರಡು” ಅಂದೆ. ಆಮೇಲೆ ಬ್ರೇಕಿಲ್ಲದ ಬಸ್ಸಿನ ಥರ ಒಂದೇ ಉಸಿರಿಗೆ ಎಲ್ಲಾ. ಇಸ್ಪೀಟು, ಚಡ್ಡಿ, ಅಜ್ಜಿ, ಬಕೆಟ್ಟು, ಕಲ್ಲು, ಹಗ್ಗ, ಡಬ್ಬಿ. “ನಿನ್ನ ಹತ್ತೊಂಬತ್ತು ವರ್ಷ ಹಾಳು ಮಾಡಿದೆ ಕಣೇ” ಅಂದೆ.

ಬೈಯುತ್ತಾಳೆ ಅಂದುಕೊಂಡೆ.

“ಡಬ್ಬಿ ಬಾಯಿ, ತಳ ಎರಡೂ ಒಂದೇ ಅಗಲನಾ?”

“ಒಂದೇ. ಟೇಪ್ ಹಿಡಿದು ನೋಡಿದೆ.”

“ಎಷ್ಟು ಡಬ್ಬಿ?”

“ಮೂರು. ಎಪ್ಪತ್ತೊಂದು, ಎಪ್ಪತ್ತು, ಎಪ್ಪತ್ಮೂರು.”

“ಸರಾಸರಿ ತೆಗೆದ್ರಾ?”

“ಇಲ್ಲ. ನಡುವಿಂದು ತಗೊಂಡೆ.”

ಬೆರಳು ಎಣಿಸುತ್ತಿದ್ದಾಳೆ ಅಂತ ಗೊತ್ತಾಯಿತು. “ಎಪ್ಪತ್ತೊಂದು ಪಾಯಿಂಟ್ ಮೂರು,” ಅಂದಳು. “ಸುಳ್ಳು ಹೇಳಿದ್ರೂ ಹತ್ತಿರಕ್ಕೇ ಹೇಳಿದ್ದೀರಿ.”

ನಕ್ಕಳಾ? ನಕ್ಕಳು. ದೇವರಾಣೆ ನಕ್ಕಳು.

“ಪುಸ್ತಕದಲ್ಲಿ ಏನ್ ಬರೀಲಿ?”

“ನಡೆದದ್ದನ್ನೇ ಬರೀರಿ. ಪೆನ್ನಲ್ಲೇ. ಅಂಕಿ ಅಲ್ಲಿ, ಬಕೆಟ್ ವಿಷಯ ಷರಾದಲ್ಲಿ. ಅಜ್ಜಿಗೆ ಏನೂ ಅನ್ನಲಿಲ್ಲ ತಾನೇ?”

“ಇಲ್ಲ.”

“ಒಳ್ಳೇದಾಯ್ತು. ಆ ಮಳೇಲಿ ಪಾಪ...”

ಎದೆ ಹಗುರವಾಗಿ, ಸುಮ್ಮನೆ ಕೇಳಿದೆ. “ಅಂದ ಹಾಗೆ, ಹಳೇ ಪುಸ್ತಕದಲ್ಲಿ ಷರಾ ಕಾಲಂ ತುಂಬ ಏನೋ ಗಂಟೆ ಬರೆದಿದ್ದೀಯಲ್ಲ, ಅದೇನದು?”

“ಯಾವ್ದು? ...ಓ, ಅದಾ. ಯಾವ್ದೋ ಹಳೇದು. ಇಡ್ತೀನಿ, ಅಕ್ಕ ಕರೀತಿದಾಳೆ.”

ಯಾರೂ ಕರೆದದ್ದು ನನಗೆ ಕೇಳಿಸಲಿಲ್ಲ.

ಅಕ್ಟೋಬರ್ 19, ಶನಿವಾರ. ಮಧ್ಯಾಹ್ನ 1-30

0.0. ಹಲಗೆ ಮೇಲೆ ಸೊನ್ನೆ ಬರೆದಾಗ ಚಪ್ಪಾಳೆ ಬಿತ್ತು. “ಈಗ ಕೈಗುಣ ಸರಿಹೋಯ್ತು” ಅಂದ ಆಲೂಗಡ್ಡೆ ಅಣ್ಣ. ಒಂದು ಪಾಲು ಹೊಲ ಕಿತ್ತಾಯಿತಂತೆ. ನನಗೆ ಚೀಲ ತುಂಬ ಆಲೂಗಡ್ಡೆ ಕೊಟ್ಟ, ಒದ್ದೆ ಮಣ್ಣಿನ ಸಮೇತ.

ಹದಿನಾರನೇ ತಾರೀಖಿನ ಸಾಲು ತುಂಬಿದೆ. ‘71.3. ಮಾಪಕದ ಮೇಲೆ ಬಕೆಟ್ ಇತ್ತು. ಪಕ್ಕದ ಮನೆ ಡಬ್ಬಿಗಳಲ್ಲಿ ಅಳೆದದ್ದು. ತಪ್ಪು ನನ್ನದು.’ ಕೈಬರಹ ಅವಳದರ ಪಕ್ಕದಲ್ಲಿ ಕೋಳಿ ಕಾಲಿನ ಗುರುತಿನ ಹಾಗಿದೆ. ಆದರೆ ಖಾಲಿ ಇಲ್ಲ.

ಬರೆದು ಕೂತಿದ್ದಾಗ ಕಂಡಕ್ಟರ್ ಇಸ್ಪೀಟು ಎಲೆ ಹಿಡಿದುಕೊಂಡು ಬಂದ. ಮೇಜಿನ ಮೇಲೆ ಹಳೇ ಪುಸ್ತಕಗಳು ಹಾಗೇ ಹರಡಿದ್ದವು. ಒಂದನ್ನು ತೆಗೆದು ಪುಟ ತಿರುವಿದವನು ನಿಂತ.

“ಏ ಗುರೂ, ಇದು ನಾವು ಹಳ್ಳದ ಆಚೆ ಸಿಕ್ಹಾಕ್ಕೊಂಡಿದ್ದ ದಿನ ಅಲ್ವಾ?”

112.6. ಷರಾ — ‘ಬೆಳಿಗ್ಗೆ 6-10’. ಆ ಅಂಕಿಯ ಮೇಲೆ ಪೆನ್ನು ಎರಡು ಸಲ ಓಡಿಸಿದ್ದಾಳೆ, ಕಾಗದ ಸ್ವಲ್ಪ ತೂತಾಗಿದೆ.

ಆ ದಿನ ನೆನಪಿದೆ. ಸಂಜೆ ಏಳಕ್ಕೆ ಊರು ಸೇರಬೇಕಾಗಿದ್ದ ಬಸ್. ಹಳ್ಳ ಏರಿತ್ತು. ಮೂವತ್ತು ಜನ ಪ್ಯಾಸೆಂಜರ್, ಆಚೆ ದಡದಲ್ಲಿ ಬೆಳಗಿನವರೆಗೆ ಬಸ್ಸೊಳಗೇ. ಕಂಡಕ್ಟರ್ ಹಾಡು ಹೇಳಿಸಿದ, ಯಾರೋ ಬುತ್ತಿ ಬಿಚ್ಚಿದರು. ಮೊಬೈಲ್ ಇಲ್ಲಿಗೆ ಬಂದಿರಲಿಲ್ಲ ಆಗ. ಬೆಳಿಗ್ಗೆ ನೀರಿಳಿದ ಮೇಲೆ ಬಂದೆವು. ಮನೆಗೆ ಬಂದು ಆ ಕಥೆಯನ್ನೆಲ್ಲ ನಗುನಗುತ್ತಾ ಹೇಳಿದೆ. ಅವಳು “ತಿಂಡಿ ಕೊಡ್ಲಾ?” ಅಂತ ಮಾತ್ರ ಕೇಳಿ, ಆಮೇಲೆ ಪುಸ್ತಕ ತಗೊಂಡು ಹಿತ್ತಲಿಗೆ ಹೋದಳು. ನನ್ನ ಮೇಲಿಗಿಂತ ಆ ಡಬ್ಬದ ಮೇಲೇ ನಿನಗೆ ಪ್ರೀತಿ ಅಂತ ರೇಗಿಸಿದ್ದೆ.

ಆರೂ ಹತ್ತಕ್ಕೆ ನಾನು ಬಾಗಿಲು ತಟ್ಟಿದ್ದು.

ಕಂಡಕ್ಟರ್ ಎಲೆ ಹಂಚುತ್ತಿದ್ದ. ನಾನು ಒಂದೊಂದೇ ಪುಸ್ತಕ ತೆಗೆದೆ. 7-40. 8-05. 7-25. ಎಲ್ಲಾ ಸಂಜೆಯ ಗಂಟೆ. ಬೇಸಿಗೆಯಲ್ಲಿ ಖಾಲಿ. ಮಳೆ ಬಿದ್ದ ದಿನ ಮಾತ್ರ. ನಾನು ಮನೆಗೆ ಬಂದ ಹೊತ್ತು. ಹದಿಮೂರು ವರ್ಷ, ಒಂದೂ ಬಿಟ್ಟಿಲ್ಲ.

ನಾನು ರಿಟೈರ್ ಆದ ವರ್ಷದ ಪುಸ್ತಕ ಹುಡುಕಿದೆ. ಕೊನೆಯ ಡ್ಯೂಟಿಯ ಮರುದಿನ — 12.4. ಷರಾ — ‘ಮನೆಯಲ್ಲಿದ್ದಾರೆ.’

ಅಷ್ಟೇ. ಅಲ್ಲಿಂದ ಮುಂದೆ ಆರು ವರ್ಷ ಆ ಕಾಲಂ ಖಾಲಿ.

“ಆಡ್ತೀಯಾ ಇಲ್ವಾ?” ಅಂದ ಕಂಡಕ್ಟರ್. ಇವತ್ತು ಬೇಡ ಅಂದೆ. ನನ್ನ ಮುಖ ನೋಡಿ ಏನೂ ಕೇಳದೆ ಎಲೆ ಜೋಡಿಸಿಕೊಂಡು ಹೋದ. ಒಳ್ಳೇ ಕಂಡಕ್ಟರ್. ಎಲ್ಲಿ ಇಳಿಯಬೇಕೋ ಗೊತ್ತು ಅವನಿಗೆ.

ಹವಾಮಾನ ಇಲಾಖೆಯವನು ಆ ಡಬ್ಬ ತಂದ ದಿನ, ಈ ಊರಲ್ಲಿ ಯಾರು ನೋಡ್ಕೊಳ್ತೀರಿ ಅಂದಾಗ, ಎಲ್ಲರೂ ತಲೆ ಕೆರೆಯುತ್ತಾ ನಿಂತಿದ್ದರು. ಇವಳೊಬ್ಬಳೇ ಕೈ ಎತ್ತಿದ್ದು. ನಿನಗ್ಯಾಕೆ ಇಲ್ಲದ ಉಸಾಬರಿ ಅಂತ ಕೇಳಿದ್ದೆ. “ಸುಮ್ನೆ, ಹೊತ್ತು ಹೋಗುತ್ತೆ” ಅಂದಿದ್ದಳು. ಹಲಗೆ ಹಾಕಿಸಿದವಳೂ ಅವಳೇ. ಒಂಬತ್ತೂ ಕಾಲಿನ ಟ್ರಿಪ್ಪಿಗೆ ಮುಂಚೆ ನಾನು ನೋಡುತ್ತಿದ್ದ ಹಲಗೆ.

ಎಂಥಾ ದಡ್ಡ ನಾನು. ಎಂಥಾ ಅದೃಷ್ಟವಂತ.

ಅಕ್ಟೋಬರ್ 20, ಭಾನುವಾರ. ಬೆಳಿಗ್ಗೆ 9-00

38.6. ಬಗ್ಗಿ ನೋಡಿದೆ. ಎರಡು ಸಲ ನೋಡಿದೆ.

ಸೊನ್ನೆಯ ಸಂತೋಷ ಒಂದೇ ದಿನ. ಬೆಳಗಿನ ಜಾವ ಶುರುವಾದದ್ದು ಇನ್ನೂ ಸುರಿಯುತ್ತಿದೆ. ಆಲೂಗಡ್ಡೆ ಅಣ್ಣ ಹಲಗೆ ಕಡೆ ತಲೆ ಎತ್ತಲೇ ಇಲ್ಲ.

ಅವಳು ಮಧ್ಯಾಹ್ನದ ಬಸ್ಸಿಗೆ ಹತ್ತುತ್ತಾಳೆ. ನಾಲ್ಕಕ್ಕೆ ಇಲ್ಲಿ. ಮನೆ ಗುಡಿಸಿದೆ. ಆಲೂಗಡ್ಡೆ ಬೇಯಿಸಿಟ್ಟೆ. ಅಜ್ಜಿ ಬಂದು ನೋಡಿ, ಉಪ್ಪಿಲ್ಲ ಅಂತ ಹೇಳಿ, ತಾವೇ ಹಾಕಿದರು. ಷರಾ ಕಾಲಮ್ಮಿನ ಮಾತು ಎತ್ತುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಅವಳು ಹೇಳದೆ ಬರೆದದ್ದು. ನಾನೂ ಹೇಳದೆ ಬರೆಯುತ್ತೇನೆ.

ಸಂಜೆ 4-20

ಮಳೆ ಕಡಿಮೆಯಾಗಿಲ್ಲ. ಬಸ್ ಬಂದಿಲ್ಲ. ಇಪ್ಪತ್ತು ನಿಮಿಷ ಏನೂ ಅಲ್ಲ. ನನ್ನ ಕಾಲದಲ್ಲಿ ಇಪ್ಪತ್ತು ನಿಮಿಷಕ್ಕೆ ಲೇಟ್ ಅನ್ನುತ್ತಲೇ ಇರಲಿಲ್ಲ.

ಸಂಜೆ 4-45

ಹಳ್ಳ ಏರಿರಬಹುದು. ಏರಿದರೆ ಸುತ್ತುದಾರಿ. ಸುತ್ತುದಾರಿಯಾದರೆ ಇನ್ನು ಒಂದು ಗಂಟೆ. ಡ್ರೈವರ್ ಹುಷಾರು ಮನುಷ್ಯ, ನೀರು ನೋಡಿದರೆ ಇಳಿಸುವುದಿಲ್ಲ. ಫೋನ್ ಹತ್ತುತ್ತಿಲ್ಲ. ಗುಡ್ಡದ ಆಚೆ ಸಿಗ್ನಲ್ ಇರಲ್ಲ, ಗೊತ್ತಿದೆ ನನಗೆ. ಎಲ್ಲಾ ಗೊತ್ತಿದೆ. ಆದರೂ ಟೀ ಮಾಡಿದವನು ಕುಡಿಯದೆ ಕಿಟಕಿ ಹತ್ತಿರ ನಿಂತಿದ್ದೇನೆ.

ಸಂಜೆ 5-10

ಹದಿಮೂರು ವರ್ಷ ಅವಳು ಇದೇ ಕಿಟಕಿಯ ಹತ್ತಿರ ನಿಂತಿದ್ದಳಾ? ಮೊಬೈಲ್ ಕೂಡ ಇಲ್ಲದೆ? ನಾನು ಬಾಗಿಲು ತೆಗೆದು ಬರುವಾಗ ಅವಳು ಯಾವಾಗಲೂ ಒಲೆ ಮುಂದೆಯೇ ಇರುತ್ತಿದ್ದಳು. ಬೇಯುವುದರ ಮೇಲೆಯೇ ಕಣ್ಣಿಟ್ಟು. “ಬಂದ್ರಾ?” ಅಷ್ಟೇ. ಎಷ್ಟು ಬೇಗ ಓಡಿ ಒಲೆ ಮುಂದೆ ನಿಲ್ಲುತ್ತಿದ್ದಳೋ!

ನಾನೂ ಒಲೆ ಮುಂದೆ ನಿಂತು ಅಭ್ಯಾಸ ಮಾಡಬೇಕು.

ಸಂಜೆ 5-30

ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದೇನೆ. ತಾರೀಖು 20. ಮಳೆ 38.6. ಷರಾ ಖಾಲಿ. ಪೆನ್ನಿನ ಮುಚ್ಚಳ ತೆಗೆದಿದೆ. ಗಡಿಯಾರ ಎದುರಿಗೇ ಇದೆ. ಅಜ್ಜಿ ಕಾಂಪೌಂಡ್ ಆಚೆ ಕೊಡೆ ಹಿಡಿದು ರಸ್ತೆ ನೋಡುತ್ತಾ ನಿಂತಿದ್ದಾರೆ. ಒಳಗೆ ಹೋಗಿ ಅಂದರೆ ಕೇಳುವುದಿಲ್ಲ.

ಇಳಿಜಾರಿನಲ್ಲಿ ಏನೋ ಸದ್ದು. ಲಾರಿ ಇರಬಹುದು.

ಲಾರಿಯಲ್ಲ. ಸೆಕೆಂಡ್ ಗೇರಿಗೆ ಇಳಿಸಿದ. ತಿರುವಿನಲ್ಲಿ ಆ ಗೇರಿಗೆ ಇಳಿಸುವುದು ನಮ್ಮ ಬಸ್ಸೊಂದೇ. ಅಜ್ಜಿ ಕೈ ಬೀಸುತ್ತಿದ್ದಾರೆ. ಬ್ರೇಕು. ಬಾಗಿಲು. ಸೀಟಿ.

ಗೇಟಿನ ಚಿಲಕ. ಒಲೆ ಮುಂದೆ ಓಡಬೇಕು—

ಷರಾ: 5-4—